ಬೀರುವಿನಲ್ಲಿ ಬೀಗ ಹಾಕಿದ ಹೃದಯದ ಮಷೀನು

"ಇದು ಎದ್ಯಾಗ ಇದ್ದದ್ದೆಲ್ಲಾ ಬರೀತದೇನ್ರಿ?"

ಪ್ರಶ್ನೆ ನಮ್ಮ ಅತ್ತೆಯವರದು. ಕೇಳಿದ್ದು ಸರ್ಕಾರಿ ದವಾಖಾನೆಯ ಡಾಕ್ಟರನ್ನು. ಕೇಳುವಾಗ ಒಂದು ಸಲ ನನ್ನ ಕಡೆಗೂ ನೋಡಿದರು.

ಡಾಕ್ಟರು ಮೈಸೂರು ಕಡೆಯವರು, ಇನ್ನೂ ಮೀಸೆ ಸರಿಯಾಗಿ ಕಪ್ಪಾಗದ ವಯಸ್ಸು. ಹೌದು ಅಜ್ಜಿ, ಹೃದಯದಲ್ಲಿ ಏನೇನು ನಡೆಯುತ್ತದೋ ಅಷ್ಟೂ ಈ ಕಾಗದದ ಮೇಲೆ ಬಂದುಬಿಡುತ್ತದೆ ಎಂದು ಹೆಮ್ಮೆಯಿಂದ ಹೇಳಿದರು. ಅತ್ತೆ ಸೆರಗು ಬಿಗಿ ಮಾಡಿಕೊಂಡು ಸ್ಟೂಲಿನಿಂದ ಎದ್ದೇಬಿಟ್ಟರು.

(ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದ ಅತ್ತೆ-ಸೊಸೆ ನಾವು. ಅವರ ಎದೆಯಲ್ಲಿ ನನ್ನ ಬಗ್ಗೆ ಇರುವುದನ್ನು ಸರ್ಕಾರ ಅಚ್ಚು ಹಾಕಿ ನನ್ನ ಕೈಗೇ ಕೊಡುವುದಾದರೆ ಯಾರು ತಾನೇ ಮಲಗುತ್ತಾರೆ? ನಾನಾದರೂ ಮಲಗುತ್ತಿರಲಿಲ್ಲ.)

ಊರಿನ ಹೆಸರು ಬರೆಯುವುದಿಲ್ಲ. ಸೇಡಂನಿಂದ ಚಿತ್ತಾಪುರಕ್ಕೆ ಹೋಗುವ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದಲ್ಲ, ಹಾಗೆ ನಿಲ್ಲುವ ಊರುಗಳಲ್ಲಿ ಒಂದು ಎಂದುಕೊಳ್ಳಿ. ನಾಳೆ ಜ್ವರ ಬಂದರೆ ನಾನು ಅದೇ ದವಾಖಾನೆಗೆ ಹೋಗಬೇಕು. ಅಲ್ಲಿ ಸೂಜಿಗಳು ಬೇರೆ ಬೇರೆ ಅಳತೆಯಲ್ಲಿವೆ.

ಅತ್ತೆಗೆ ಆದದ್ದಾದರೂ ಏನು? ಒಂದು ವಾರದಿಂದ ಎದೆಯ ನಡುವೆ ಯಾರೋ ಕಲ್ಲು ಇಟ್ಟಂತಾಗುತ್ತದೆ ಎನ್ನುತ್ತಿದ್ದರು. ಮೆಣಸಿನಕಾಯಿ ಒಣಗಿಸಲು ಮಾಳಿಗೆ ಹತ್ತಿದರೆ ಹೆಚ್ಚು, ಇಳಿದರೆ ಕಡಿಮೆ. ಓಂಕಾಳು ಜಗಿದರು. ಗೋಲಿ ಸೋಡಾ ಕುಡಿದರು. ಮಠದಿಂದ ವಿಭೂತಿ ತರಿಸಿ ಹಚ್ಚಿಕೊಂಡರು. ಐದನೆಯ ದಿನ ಮಧ್ಯಾಹ್ನ ಜೋಳದ ರೊಟ್ಟಿ ಅರ್ಧ ತಿಂದು, ಉಳಿದರ್ಧ ತಾಟಿನಲ್ಲೇ ಬಿಟ್ಟು ಎದ್ದರು. ಆಗ ನನಗೆ ಭಯವಾಯಿತು. ನಮ್ಮ ಅತ್ತೆ ರೊಟ್ಟಿ ಬಿಟ್ಟು ಎದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ನಮ್ಮ ಯಜಮಾನರು ವಾಡಿ ಸ್ಟೇಷನ್ನಿನಲ್ಲಿ ಡ್ಯೂಟಿಯ ಮೇಲಿದ್ದರು. ನಾನು ಕಲಿಸುವ ಶಾಲೆಗೆ ಅರ್ಧ ದಿನ ರಜೆ ಬರೆದು ಕಳಿಸಿ, ಮರುದಿನ ಬೆಳಿಗ್ಗೆಯೇ ಅತ್ತೆಯನ್ನು ಕರೆದುಕೊಂಡು ಹೊರಟೆ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಬಿ.ಪಿ. ನೋಡಿದರು, ಇಸಿಜಿ ಮಾಡಬೇಕು ಎಂದರು. ಹಾಗಾದರೆ ಗುಲ್ಬರ್ಗಾಕ್ಕೆ ಹೋಗಬೇಕೇ ಎಂದು ಕೇಳಿದೆ. ಬೇಡ, ಮಷೀನು ಇಲ್ಲೇ ಇದೆ ಎಂದರು.

ಪಕ್ಕದಲ್ಲಿ ನಿಂತಿದ್ದ ಸಿಸ್ಟರ್ ಶಾಂತಾಬಾಯಿ ನಕ್ಕರು. ಆಮೇಲೆ ನಗಬಾರದಿತ್ತು ಎನಿಸಿ ಕೆಮ್ಮಿದರು.

ಮಷೀನು ಇತ್ತು ನಿಜ. ಬೆಂಗಳೂರಿನಿಂದ ಬಂದು ಮೂರು ವರ್ಷವಾಗಿತ್ತು. ಅದು ಬಂದ ವಾರದಲ್ಲೇ, ಅದನ್ನು ನಡೆಸಲು ತರಬೇತಿ ಪಡೆದಿದ್ದ ಡಾಕ್ಟರಿಗೆ ವರ್ಗವಾಯಿತು. ಅವರ ನಂತರ ಬಂದವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಆಮೇಲೆ ಬಂದವರಿಗೆ ಆಸಕ್ತಿ ಇತ್ತು, ಆದರೆ ಮಷೀನಿನ ಪ್ಲಗ್ಗಿಗೆ ಮೂರು ಕಾಲು, ದವಾಖಾನೆಯ ಗೋಡೆಗೆ ಎರಡೇ ತೂತು. ಮೂರನೆಯ ತೂತಿಗಾಗಿ ಬರೆದ ಪತ್ರ ಯಾವ ಮೇಜಿನ ಮೇಲೆ ಮಲಗಿದೆಯೋ ದೇವರಿಗೇ ಗೊತ್ತು. ಈ ಹೊಸ ಡಾಕ್ಟರು ಬಂದವರೇ ಗುಲ್ಬರ್ಗಾದಿಂದ ತಾವೇ ಒಂದು ಪ್ಲಗ್ ಪಾಯಿಂಟ್ ತಂದು, ಭಾನುವಾರ ಸ್ಕ್ರೂ ತಿರುಗಿಸಿ ಹಾಕಿದ್ದರು. ಅದಾಗಿ ಎರಡು ತಿಂಗಳು. ಮಷೀನು ಮಾತ್ರ ಬೀರುವಿನಿಂದ ಹೊರಬಂದಿರಲಿಲ್ಲ.

ಏಕೆಂದರೆ ಬೀರುವಿನ ಚಾವಿ ಮಹಬೂಬಸಾಬರ ಹತ್ತಿರ ಇತ್ತು.

ಮಹಬೂಬಸಾಬರು ನಮ್ಮ ದವಾಖಾನೆಯ ಕಂಪೌಂಡರ್ ಮತ್ತು ಸ್ಟೋರ್ ಕೀಪರ್. ಇಪ್ಪತ್ತು ವರ್ಷಗಳಿಂದ ನಮ್ಮೂರಿಗೆ ಕೆಂಪು ಔಷಧಿ, ಬಿಳಿ ಗುಳಿಗೆ, ಹಳದಿ ಮುಲಾಮು ಕೊಡುತ್ತಿರುವ ಕೈ ಅವರದು. ಎಷ್ಟು ಡಾಕ್ಟರು ಬಂದು ಹೋದರೂ ನನ್ನ ಮಕ್ಕಳು ಅವರು "ನುಂಗು" ಎಂದರೆ ಮಾತ್ರ ನುಂಗುತ್ತಿದ್ದವು. ಒಳ್ಳೆಯವರು. ಪ್ರಾಮಾಣಿಕರು. ಅದೇ ತೊಂದರೆ.

ಅವರ ವಶದಲ್ಲಿರುವ ಯಾವ ಸಾಮಾನೂ ಹಾಳಾಗಬಾರದು. ಬಳಸಿದರೆ ಹಾಳಾಗುತ್ತದೆ. ಆದ್ದರಿಂದ ಬಳಸಬಾರದು. ಇಷ್ಟು ಸರಳವಾದ ತರ್ಕಕ್ಕೆ ಯಾರು ಎದುರು ಹೇಳುತ್ತಾರೆ? ವರ್ಷಕ್ಕೊಮ್ಮೆ ತಪಾಸಣೆಯವರು ಬರುವ ಮೊದಲು ಅವರು ಮಷೀನನ್ನು ಹೊರತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ನಾಲ್ಕು ಮೂಲೆಗೆ ನಾಲ್ಕು ನುಸಿಗುಳಿಗೆ ಇಟ್ಟು, ಮತ್ತೆ ಒಳಗಿಡುತ್ತಿದ್ದರು. ರಿಜಿಸ್ಟರಿನಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆಯುತ್ತಿದ್ದರು. ತಪಾಸಣೆಯವರು ಅದರ ಕೆಳಗೆ ಸಹಿ ಮಾಡಿ, ಚಹಾ ಕುಡಿದು, ಸೇಡಂ ಬಸ್ಸು ಹತ್ತುತ್ತಿದ್ದರು.

ಅಂದು ಡಾಕ್ಟರು ಬಿಡಲಿಲ್ಲ. ಮಹಬೂಬಸಾಬರೂ ಸುಮ್ಮನೆ ಕೊಡಲಿಲ್ಲ. ಬರಹದಲ್ಲಿ ಬೇಕು ಎಂದರು. ಡಾಕ್ಟರು ಔಷಧಿ ಚೀಟಿಯ ಮೇಲೆಯೇ 'ನನ್ನ ಜವಾಬ್ದಾರಿಯ ಮೇಲೆ' ಎಂದು ಬರೆದು ಸಹಿ ಹಾಕಿದರು. ಸಾಬರು ಎರಡು ಸಲ ಓದಿ ತಾರೀಖು ಹಾಕಿಸಿಕೊಂಡರು. ತೆಗೆದ ಪ್ರತಿಯೊಂದು ಕಾಗದದ ಮೇಲೂ ಪೇಷಂಟಿನ ಹೆಸರು, ಹೊತ್ತು ಬರೆಯಬೇಕು ಎಂದು ಇನ್ನೊಂದು ಷರತ್ತು ಸೇರಿಸಿದರು. ಆಮೇಲೆ ಒಳಗೆ ಹೋಗಿ, ಆಗತಾನೆ ಹುಟ್ಟಿದ ಕೂಸನ್ನು ತಂದಂತೆ ಎರಡೂ ಕೈಯಲ್ಲಿ ಮಷೀನನ್ನು ಎತ್ತಿಕೊಂಡು ಬಂದರು. ಕೋಣೆಯ ತುಂಬ ನುಸಿಗುಳಿಗೆಯ ವಾಸನೆ.

ಅತ್ತೆ ಮೇಲೆ ಹೇಳಿದ ಪ್ರಶ್ನೆ ಕೇಳಿ ಸ್ಟೂಲಿನಿಂದ ಎದ್ದದ್ದು ಈ ಹೊತ್ತಿನಲ್ಲಿ.

ಹೃದಯ ಬಡಿಯುವುದನ್ನಷ್ಟೇ ಬರೆಯುತ್ತದೆ, ಮಾತುಗಳನ್ನಲ್ಲ ಎಂದು ನಾನು ತಿಳಿಸಿ ಹೇಳಿದೆ. ಒಂದು ಭಯ ಹೋಯಿತು. ಎರಡನೆಯದು ಬಂತು: ಕುಪ್ಪಸ ಬಿಚ್ಚಬೇಕೇ? ಗಂಡಸರ ಮುಂದೆ? ಡಾಕ್ಟರು ಕೆಂಪಾದರು. ಓದುವಾಗ ಅವರಿಗೆ ಹೃದಯದ ನಾಲ್ಕು ಕೋಣೆಗಳ ಬಗ್ಗೆ ಹೇಳಿದ್ದರಂತೆ, ನಮ್ಮ ಅತ್ತೆ ನೀಲಮ್ಮನವರ ಸೆರಗಿನ ಬಗ್ಗೆ ಯಾರೂ ಹೇಳಿರಲಿಲ್ಲ. ಮಂಚಕ್ಕೆ ಅಡ್ಡ ಹಿಡಿಯುವ ಪರದೆ ಒಗೆಯಲು ಹೋದದ್ದು ಮರಳಿ ಬಂದೇ ಇರಲಿಲ್ಲ. ಶಾಂತಾಬಾಯಿ ಎರಡು ಹಾಸಿಗೆ ಚಾದರಗಳನ್ನು ಹಗ್ಗಕ್ಕೆ ಕಟ್ಟಿದರು. ತಂತಿಗಳನ್ನು ತಾನೇ ಹಚ್ಚುವೆ, ಡಾಕ್ಟರು ಆಚೆ ನಿಂತು ಗುಂಡಿ ಒತ್ತಲಿ ಎಂದರು. ಅದೂ ಮುಗಿಯಿತು.

ತಂತಿಯ ಜೊತೆ ಚರ್ಮಕ್ಕೆ ಹಚ್ಚಬೇಕಾದ ಜೆಲ್ಲಿ ಮೂರು ವರ್ಷದಲ್ಲಿ ಒಣಗಿ ಕಲ್ಲಾಗಿತ್ತು. ಡಾಕ್ಟರು ಉಪ್ಪಿನ ನೀರಿನಲ್ಲಿ ಅರಳೆ ನೆನೆಸಿ ಎಂದರು.

"ಉಪ್ಪು ಹಚ್ಚಿ ವೈರ್ ಕಟ್ತಾರ," ಎಂದರು ಅತ್ತೆ ನನಗೆ, ಮೆಲ್ಲಗೆ. "ಉಪ್ಪಿನಕಾಯಿಗೂ ಇಷ್ಟ ಮಾಡಂಗಿಲ್ಲ ನಾವು."

ಉಳಿದದ್ದು ಕರೆಂಟಿನ ಭಯ. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಎಮ್ಮೆಯೊಂದು ಹರಿದು ಬಿದ್ದ ತಂತಿ ತುಳಿದು ಸತ್ತಿತ್ತು. ಎಮ್ಮೆಯೇ ತಾಳದ್ದನ್ನು ತಾನು ಹೇಗೆ ತಾಳುವುದು ಎಂದು ಅತ್ತೆ ಕೇಳಿದರು. ಡಾಕ್ಟರು ವೋಲ್ಟೇಜು, ಅರ್ಥಿಂಗು ಎಂದು ತಮ್ಮ ಕಡೆಯ ಭಾಷೆಯಲ್ಲಿ ಏನೇನೋ ಹೇಳಿದರು. ಅತ್ತೆಗೆ ಅರ್ಥವಾದದ್ದು ಎಮ್ಮೆ ಮಾತ್ರ. ಕೊನೆಗೆ ಡಾಕ್ಟರು ಸೋತು, ಯಾರಾದರೂ ಮೊದಲು ಮಲಗಿ ತೋರಿಸಿ ಎಂದರು.

ನಾನು ಮಲಗಬೇಕಾಗಿತ್ತು. ವಾರವಾರ ಪೇಪರಿನ ಇದೇ ಅಂಕಣದಲ್ಲಿ ನಿಮಗೆಲ್ಲ ಧೈರ್ಯ ಹೇಳುವವಳು ನಾನು. ಆದರೆ ನಿಜ ಹೇಳುತ್ತೇನೆ, ಎಮ್ಮೆ ನನ್ನ ಕಣ್ಣ ಮುಂದೆಯೂ ಬಂತು. ನಾನು ಶಾಂತಾಬಾಯಿಯ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋಣ ನೋಡಿದರು.

ಮಹಬೂಬಸಾಬರೇ ಮುಂದೆ ಬಂದರು. ಧೈರ್ಯದಿಂದಲ್ಲ. ಇವರೆಲ್ಲ ಹೀಗೇ ಎಳೆದಾಡುತ್ತಿದ್ದರೆ ಮಷೀನಿಗೆ ಏನಾದರೂ ಆದೀತು, ಬೇಗ ಮುಗಿಸಿ ಒಳಗಿಡೋಣ ಎಂಬ ಆತುರ.

"ನಾ ಮಕ್ಕೊಂತೀನ್ರಿ. ಅವ್ವಾರ ನೋಡ್ಲಿ. ಆದ್ರ ಜಲ್ದಿ ಮುಗಸ್ರಿ. ಕಾಗದ ಭಾಳ ಖರ್ಚ ಮಾಡಬ್ಯಾಡ್ರಿ."

ಅಂಗಿ ಬಿಚ್ಚಿದರು. ಬನಿಯನ್ನಿಗೆ ಒಂದು ಒಳಜೇಬು, ಅದರಲ್ಲಿ ಚಾವಿ. ಮೈಮೇಲೆ ಲೋಹ ಇರಬಾರದು ಎಂದರು ಡಾಕ್ಟರು. ಸಾಬರು ಸುತ್ತ ನೋಡಿದರು. ಡಾಕ್ಟರಿಗೆ ಕೊಡಲಿಲ್ಲ, ಸಿಸ್ಟರಿಗೂ ಕೊಡಲಿಲ್ಲ. ನಮ್ಮ ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ಕೈಕಾಲಿಗೆ ನಾಲ್ಕು ಪಟ್ಟಿ. ಎದೆಗೆ ಒಂದು ರಬ್ಬರ್ ಬುಗ್ಗೆಯ ಬಟ್ಟಲು. ಡಾಕ್ಟರು ಗುಂಡಿ ಒತ್ತಿದರು. ಮಷೀನು ಗುರ್ ಎಂದು, ನಾಲಿಗೆ ಚಾಚಿದಂತೆ ಸಣ್ಣ ಕಾಗದ ಹೊರಬಿಡತೊಡಗಿತು. ಅತ್ತೆ ಬಗ್ಗಿ ನೋಡಿದರು. ಸಾಬರು ಸಾಯಲಿಲ್ಲ. ಇರುವೆ ಸಾಲು ಹೋದ ಹಾಗೆ ಅದ ಎಂದು ಅತ್ತೆ ಕಾಗದದ ಬಗ್ಗೆ ನನಗೆ ವರದಿ ಕೊಟ್ಟರು. ಅವರಿಗೆ ಅಷ್ಟೇ ಸಾಕಾಗಿತ್ತು. ಕಾಲು ಮೇಲೆತ್ತಿ ಪಕ್ಕದ ಮಂಚದ ಮೇಲೆ ಕೂತರು.

ಡಾಕ್ಟರು ಮಾತ್ರ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಂದು ಪಟ್ಟಿಗಳನ್ನು ಸರಿಮಾಡಿ ಮತ್ತೊಮ್ಮೆ ಗುಂಡಿ ಒತ್ತಿದರು.

ಎರಡನೇ ಸಲ ಏಕೆ, ಕಾಗದ ಹಾಳು ಎಂದು ಸಾಬರು ಗೊಣಗಿದರು. ಡಾಕ್ಟರು ಎಡಗೈ ನೋಯುತ್ತದೆಯೇ ಎಂದು ಕೇಳಿದರು. ನೋಯುತ್ತದೆ, ಪೆಟ್ಟಿಗೆ ಹೊತ್ತರೆ ಯಾರಿಗೆ ನೋಯುವುದಿಲ್ಲ? ದಮ್ಮು ಹತ್ತುತ್ತದೆಯೇ? ಸ್ಟೋರಿನ ಮೆಟ್ಟಿಲು ಎತ್ತರ, ಕಟ್ಟಿದವರನ್ನು ಕೇಳಬೇಕು. ಸುಮ್ಮನೆ ಕೂತಾಗ ಬೆವರುತ್ತೀರಾ?

"ಶಹಾಬಾದಿ ಪರಸಿ ಕಲ್ಲ ಹಾಸಿದ ಈ ಖೋಲ್ಯಾಗ, ಈ ಬ್ಯಾಸಿಗ್ಯಾಗ, ಬೆವರಲಾರದ ಮನುಷ್ಯಾ ಯಾರದಾನ್ರಿ ಡಾಕ್ಟರ್‌ಸಾಬ?"

ನಾವೆಲ್ಲ ನಕ್ಕೆವು. ಡಾಕ್ಟರು ನಗಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಸಾಬರು ಲೆಕ್ಕ ಹಾಕಿ, ರಂಜಾನಿನಿಂದ ಎಂದರು.

"ನೀವು ಏಳಬೇಡಿ," ಎಂದರು ಡಾಕ್ಟರು. "ಹಾಗೇ ಮಲಗಿರಿ. ನಿಮ್ಮ ಹೃದಯಕ್ಕೆ ಆಗಲೇ ಒಂದು ಪೆಟ್ಟು ಬಿದ್ದಿದೆ. ಇನ್ನೊಂದು ಬೀಳುವ ಮೊದಲು ಗುಲ್ಬರ್ಗಾ ಸೇರಬೇಕು."

ಸಾಬರು ಚಾವಣಿಯನ್ನು ನೋಡಿದರು. ಆಮೇಲೆ ಬಹಳ ಸಮಾಧಾನದಿಂದ ತಮ್ಮ ತೀರ್ಪು ಹೇಳಿದರು.

"ಮಷೀನ್ ಖರಾಬ್ ಆಗ್ಯಾದ್ರಿ. ಮೂರ್ ವರ್ಷ ಚಲೋ ಇತ್ತು. ಇವತ್ತ ಹಚ್ಚಿದ್ರಿ, ಇವತ್ತೇ ಖರಾಬ್ ಆತು."

ಅಷ್ಟೇ ಅಲ್ಲ, ಮಷೀನು ಕೆಟ್ಟ ಹೊತ್ತನ್ನು ಗುರುತು ಹಾಕಿಕೊಳ್ಳುವಂತೆ ಶಾಂತಾಬಾಯಿಗೆ ಹೇಳಿದರು. ಡಾಕ್ಟರು ಏನು ಹೇಳಿದರೂ ಕೇಳಲೊಲ್ಲರು. ಎದ್ದು ಅಂಗಿ ಹುಡುಕತೊಡಗಿದರು.

ಆಗ ನಮ್ಮ ಅತ್ತೆ ಎದ್ದರು. ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮಹಬೂಬಣ್ಣ, ನೀ ಅಲ್ಲೇ ಮಕ್ಕೋ. ಮಷೀನ್ ಖರಾಬ್ ಅದನೋ ಇಲ್ಲೋ ನಾ ಮಕ್ಕೊಂಡು ನೋಡ್ತೀನಿ."

ಸೆರಗು, ಉಪ್ಪು, ಎಮ್ಮೆ ಎಲ್ಲ ಎಲ್ಲಿ ಹೋದವೋ. ಚಾದರದ ಹಿಂದೆ ಹೋಗಿ ಮಲಗಿ, ಬಾ ತಂಗಿ ಹಚ್ಚು ಎಂದು ಸಿಸ್ಟರನ್ನು ಕರೆದರು. ಕಾಗದ ಒಂದು ಗೇಣು ಬಂದಿತ್ತು, ಕರೆಂಟು ಹೋಯಿತು. ಮಷೀನು ಗಪ್ಪಾಯಿತು. ಕರೆಂಟ್ ಹೋದರೂ ತಾನು ಇದ್ದೇನೆ ಎಂದು ಚಾದರದ ಹಿಂದಿನಿಂದ ಅತ್ತೆ ತಿಳಿಸಿದರು.

ಇಪ್ಪತ್ತು ನಿಮಿಷ ಕಾದೆವು. ಆ ಇಪ್ಪತ್ತು ನಿಮಿಷದಲ್ಲಿ ಡಾಕ್ಟರು ಸಾಬರ ನಾಲಿಗೆಯ ಕೆಳಗೆ ಒಂದು ಗುಳಿಗೆ ಇಡಿಸಿದರು, ಅವರ ಹೆಂಡತಿಗೆ ಹೇಳಿಕಳಿಸಿದರು, ಜೀಪಿನ ಡ್ರೈವರನ್ನು ಹೋಟೆಲಿನಿಂದ ಕರೆಸಿದರು. ಕರೆಂಟು ಬಂತು. ಅತ್ತೆಯ ಕಾಗದ ಪೂರ್ತಿ ಹೊರಬಂತು. ಡಾಕ್ಟರ ಮುಖ ಅರಳಿತು. ಗೆರೆಗಳು ಹರೆಯದ ಹುಡುಗಿಯದರಂತೆ ಚೊಕ್ಕ. ಅತ್ತೆಗಿದ್ದದ್ದು ಹೊಟ್ಟೆಯ ಹುಳಿ, ಅದಕ್ಕೆ ಹತ್ತು ದಿನದ ಗುಳಿಗೆ, ಖಾರ ಕಡಿಮೆ.

ಅಂದರೆ ಮಷೀನು ಸರಿಯಾಗಿಯೇ ಇತ್ತು.

ಸಾಬರಿಗೆ ಇನ್ನೂ ಒಂದು ದಾರಿ ಉಳಿದಿತ್ತು. ಕಾಗದ ಅದಲುಬದಲಾಗಿರಬೇಕು ಎಂದರು. ಡಾಕ್ಟರು ಎರಡನ್ನೂ ಮುಂದೆ ಹಿಡಿದರು. ಒಂದರ ಮೇಲೆ ನೀಲಮ್ಮ, ಒಂದರ ಮೇಲೆ ಮಹಬೂಬ, ಎರಡಕ್ಕೂ ಹೊತ್ತು ಸಹಿತ. ಷರತ್ತು ಅವರದೇ.

ಆಗ ಅವರು ನಂಬಿದರು. ಮುಖ ಸಣ್ಣದಾಯಿತು. ಆದರೂ ಅವರು ಮೊದಲು ಕೇಳಿದ್ದು ಬದುಕುತ್ತೇನೆಯೇ ಎಂದಲ್ಲ. ತಾನು ಹೋದರೆ ಸ್ಟೋರಿನ ಚಾರ್ಜ್ ಯಾರು ತೆಗೆದುಕೊಳ್ಳುತ್ತಾರೆ ಎಂದು. ಚಾರ್ಜ್ ಕೊಡುವುದೆಂದರೆ ಸೂಜಿಯಿಂದ ಸ್ಟ್ರೆಚರಿನವರೆಗೆ ಪಟ್ಟಿ ಮಾಡಬೇಕು. ಎರಡು ದಿನ ಬೇಕು. ಎರಡು ದಿನ ಬಿಟ್ಟು ಹೋಗುತ್ತೇನೆ ಎಂದರು. ಡಾಕ್ಟರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರ ಮೈಸೂರು ಕನ್ನಡ ಇನ್ನೂ ಮೃದುವಾಗುತ್ತದೆ, ಹೀಗಾಗಿ ಯಾರಿಗೂ ತಟ್ಟಲಿಲ್ಲ.

ತಟ್ಟಿದ್ದು ಅತ್ತೆಯ ಮಾತು.

"ಚಾವಿ ನನ್ನ ಬಲ್ಲಿ ಇರ್ತದ. ನೀ ತಿರುಗಿ ಬರೋ ತನಕ ಯಾರಿಗೂ ಕೊಡಂಗಿಲ್ಲ. ನಡಿ."

ಯಾವ ಸರ್ಕಾರಿ ನಿಯಮದಲ್ಲಿ ಇದಕ್ಕೆ ಅವಕಾಶವಿದೆ? ಡಾಕ್ಟರು ಕಿಟಕಿಯ ಹೊರಗೆ ನೋಡುತ್ತ, ಏನೂ ಕೇಳಿಸದವರಂತೆ ನಿಂತರು. ಸಾಬರು ಸ್ಟ್ರೆಚರಿನ ಮೇಲೆ ಮಲಗಿದರು.

ಜೀಪಿನಲ್ಲಿ ಹಿಂದೆ ಅವರ ಹೆಂಡತಿ, ಪಕ್ಕದಲ್ಲಿ ಡಾಕ್ಟರು. ಹೊರಡುವ ಮೊದಲು ಸಾಬರು ಕೈಸನ್ನೆಯಿಂದ ನನ್ನನ್ನು ಹತ್ತಿರ ಕರೆದರು. ಏನೋ ಔಷಧಿಯ ವಿಷಯ ಇರಬೇಕು ಎಂದು ಬಗ್ಗಿದೆ.

"ಬಾಯಾರ," ಎಂದರು, "ಮೂರ್ ವರ್ಷ ಆ ಮಷೀನಿನ ಬಾಜೂಕ ಕುಂತು ಚಹಾ ಕುಡದೀನ್ರಿ."

ಜೀಪು ಹೋಯಿತು.

ನಮ್ಮ ಕಡೆಯ ಜನ ಹಿಂದುಳಿದವರು, ಹೊಸ ಯಂತ್ರ ಕಂಡರೆ ಓಡುತ್ತಾರೆ ಎಂದು ಭಾಷಣಗಳಲ್ಲಿ ಕೇಳಿದ್ದೇನೆ. (ನಾನೂ ಒಂದೆರಡು ಭಾಷಣ ಮಾಡಿದ್ದೇನೆ.) ಅಂದು ನೋಡಿದ್ದು ಬೇರೆ. ಅಕ್ಷರ ಬಾರದ ನಮ್ಮ ಅತ್ತೆಯ ಭಯ ಅರ್ಧ ಗಂಟೆಯಲ್ಲಿ ಹೋಯಿತು. ಅದಕ್ಕೆ ಬೇಕಾದದ್ದು ಎರಡು ಚಾದರ, ಒಬ್ಬ ಹೆಂಗಸಿನ ಕೈ, ಮೊದಲು ಮಲಗುವ ಒಬ್ಬ ಗುರುತಿನ ಮನುಷ್ಯ. ಅಕ್ಷರ ಬಲ್ಲವರ ಭಯ ಮೂರು ವರ್ಷ ಹೋಗಲಿಲ್ಲ. ಅವರಿಗೆ ಕರೆಂಟಿನ ಭಯವಿರಲಿಲ್ಲ, ಪತ್ರದ ಭಯ. ಮಷೀನು ಕೆಟ್ಟರೆ ಕೇಳುತ್ತಾರೆ. ಮನುಷ್ಯ ಕೆಟ್ಟರೆ ಯಾರು ಕೇಳುತ್ತಾರೆ?

ಇಷ್ಟು ಬರೆದು ಜಾಣೆ ಎನಿಸಿಕೊಳ್ಳಬಹುದಿತ್ತು. ಆದರೆ ಮರುದಿನ ಶಾಲೆಗೆ ಹೋದಾಗ ವಿಜ್ಞಾನದ ಬೀರು ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಮೈಕ್ರೋಸ್ಕೋಪು ಇದೆ. ಮಕ್ಕಳು ಒಡೆಯುತ್ತಾರೆಂದು ನಾಲ್ಕು ವರ್ಷದಿಂದ ಹೊರತೆಗೆದಿಲ್ಲ. ಅದರ ಚಾವಿ ಯಾರ ಹತ್ತಿರ ಇದೆ? ನನ್ನ ಪರ್ಸಿನಲ್ಲಿ. ತೆಗೆದೆ. ಮಸೂರಕ್ಕೆ ಬೂಸು ಹಿಡಿದಿತ್ತು. ಮಕ್ಕಳು ಬಳಸಿದ್ದರೂ ಅದನ್ನು ಅಷ್ಟು ಹಾಳು ಮಾಡುತ್ತಿರಲಿಲ್ಲ.

ಸಾಬರು ಗುಲ್ಬರ್ಗಾದಲ್ಲಿ ಹನ್ನೆರಡು ದಿನ ಇದ್ದರು. ಇಲ್ಲಿ ಹನ್ನೆರಡು ದಿನ ನಮ್ಮ ಅತ್ತೆಯ ಆಡಳಿತ ನಡೆಯಿತು. ಚಾವಿ ಜಗುಲಿಯ ಮೇಲೆ, ದೇವರ ಪಕ್ಕದಲ್ಲಿ. ಒಂದು ದಿನ ಅರಳೆ ಮುಗಿದು ಶಾಂತಾಬಾಯಿ ಮನೆಗೆ ಬಂದರು. ಅತ್ತೆ ಚಾವಿ ಕೊಡಲಿಲ್ಲ. ತಾವೇ ಚಪ್ಪಲಿ ಮೆಟ್ಟಿ ದವಾಖಾನೆಗೆ ಹೋಗಿ, ಬೀಗ ತೆಗೆದು, ಎರಡು ಕಟ್ಟು ಅರಳೆ ಎಣಿಸಿ ಕೊಟ್ಟು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಬಂದರು. ಖಾರ ಮಾತ್ರ ಕಡಿಮೆ ಮಾಡಲಿಲ್ಲ. ರೊಟ್ಟಿ ಈಗ ಪೂರ್ತಿ ತಿನ್ನುತ್ತಾರೆ.

ಮಹಬೂಬಸಾಬರು ತಿರುಗಿ ಬಂದರು. ಸೊರಗಿದ್ದಾರೆ, ಬೀಡಿ ಬಿಟ್ಟಿದ್ದಾರೆ, ಮೆಲ್ಲಗೆ ನಡೆಯುತ್ತಾರೆ. ಆದರೆ ಮನುಷ್ಯ ಪೂರ್ತಿ ಬದಲು. ಈಗ ಮಷೀನು ಬೀರುವಿನಲ್ಲಿಲ್ಲ, ಮಂಚದ ಪಕ್ಕದ ಮೇಜಿನ ಮೇಲಿದೆ. ಕೆಮ್ಮಿಗೆ ಬಂದವರನ್ನೂ ಅವರು ಬಿಡುವುದಿಲ್ಲ. ಕುರಕುಂಟಾದಿಂದ ಮೊಣಕಾಲು ನೋವಿಗೆ ಬಂದ ಗೌಡರೊಬ್ಬರನ್ನು, ಎರಡು ನಿಮಿಷ ಮಕ್ಕೋರಿ ಎಂದು ಕೈ ಹಿಡಿದು ಮಲಗಿಸಿದರಂತೆ. ಮುಧೋಳದ ಹೆಂಗಸರು ಬಂದರೆ ಚಾದರ ತಾವೇ ಕಟ್ಟಿ ಆಚೆ ಹೋಗುತ್ತಾರೆ. ಭಯ ಎಂದವರಿಗೆ ಅಂಗಿಯ ಗುಂಡಿ ಬಿಚ್ಚಿ, ತಾನು ಮಲಗಿದವನು ಎಂದು ಎದೆ ತೋರಿಸುತ್ತಾರೆ. ಡಾಕ್ಟರೇ ಬೇಸತ್ತು, ಎಲ್ಲರಿಗೂ ಬೇಡ ಮಾರಾಯ್ರೇ ಎನ್ನುತ್ತಿದ್ದಾರೆ. ಆದರೂ ಈ ತಿಂಗಳಲ್ಲಿ ಇಬ್ಬರು ಸರಿಯಾದ ಹೊತ್ತಿಗೆ ಗುಲ್ಬರ್ಗಾ ಮುಟ್ಟಿದ್ದಾರೆ. ಇಬ್ಬರೂ ಬದುಕಿದ್ದಾರೆ.

ಹೀಗಾಗಿ ಮಷೀನಿನ ಕಾಗದದ ಸುರುಳಿಗಳೆಲ್ಲ ಮುಗಿದುಹೋದವು. ಹೊಸದಕ್ಕೆ ಬರೆದರು. ಮೇಲಿನ ಕಚೇರಿಯಿಂದ ಸುರುಳಿ ಬರಲಿಲ್ಲ, ಪತ್ರ ಬಂತು. ಕಳೆದ ಮೂರು ವರ್ಷಗಳಲ್ಲಿ ಒಂದೂ ಸುರುಳಿ ಖರ್ಚಾಗಿರುವುದಿಲ್ಲ. ಈಗ ಒಂದೇ ತಿಂಗಳಲ್ಲಿ ಎಲ್ಲವೂ ಖರ್ಚಾಗಿರುತ್ತದೆ. ಈ ಅಸಹಜ ಖರ್ಚಿಗೆ ಕಾರಣವೇನೆಂದು ಒಂದು ವಾರದೊಳಗೆ ವಿವರಣೆ ಸಲ್ಲಿಸತಕ್ಕದ್ದು.

ಮೂರು ವರ್ಷ ಏಕೆ ಖರ್ಚಾಗಲಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಸಾಬರು ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನೀವು ಪೇಪರಿನಲ್ಲಿ ಬರೆಯುವವರು, ಒಳ್ಳೆಯ ಕನ್ನಡದಲ್ಲಿ ಉತ್ತರ ಬರೆದುಕೊಡಿ ಎಂದರು. ನಾನು ಸಾರ್ವಜನಿಕ ಆರೋಗ್ಯ, ಗ್ರಾಮೀಣ ಜನತೆ ಎಂದೆಲ್ಲ ಒಂದೂವರೆ ಪುಟ ಬರೆದೆ. ಅವರು ಓದಿದರು, ಭಾಳ ಚಲೋ ಅದ ಎಂದರು, ಮಡಿಸಿ ನನಗೇ ವಾಪಸು ಕೊಟ್ಟರು. ಕಾರಣ ಬರೆಯಲು ಕಚೇರಿಯವರು ಆ ಪತ್ರದಲ್ಲಿ ಬಿಟ್ಟ ಜಾಗ ಎರಡೇ ಬೆರಳು ಅಗಲವಂತೆ.

ಅಲ್ಲೇ ಕೂತು, ನನ್ನ ಪೆನ್ನು ಇಸಿದುಕೊಂಡು, ಆ ಎರಡು ಬೆರಳ ಜಾಗದಲ್ಲಿ ದುಂಡಗೆ ಬರೆದರು: 'ಕೆಳಗೆ ಸಹಿ ಮಾಡಿದವನು ಬದುಕಿರುತ್ತಾನೆ.'

ಪತ್ರ ಹೋಗಿ ಹತ್ತು ದಿನವಾಯಿತು. ಇದಕ್ಕೂ ವಿವರಣೆ ಕೇಳುತ್ತಾರೆಯೇ?